ಹಿಮದ ಇಳಿಜಾರಿನಿಂದ ಗಗನಕ್ಕೆ
(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಹಿಮವೆಂಬುದು ನಮ್ಮ ಪಾಲಿಗೆ ಭೂಗೋಳದ ಪಾಠದ ಮಾತು. ಅದನ್ನು ಮುಟ್ಟಿ ನೋಡಿದವರು ನಮ್ಮಲ್ಲಿ ವಿರಳ. ಆದರೂ ಹಿಮದ ಮೇಲಿನ ಒಂದು ಕ್ರೀಡೆಯನ್ನು ಕುರಿತು ಇಂದು ನಾಲ್ಕು ಮಾತುಗಳನ್ನಾಡಬಯಸುತ್ತೇವೆ. ಅದರ ಹೆಸರು ಏರಿಯಲ್ ಸ್ಕೀಯಿಂಗ್. ಮಗು ಬಿದ್ದು ಮೊಣಕಾಲು ತರಚಿಕೊಂಡರೆ ‘ಇನ್ನು ಆಟ ಸಾಕು’ ಎನ್ನುವ ಪಾಲಕರೂ, ಹಿಂದುಮುಂದು ನೋಡದೆ ಮರದ ಕೊಂಬೆಯಿಂದ ಧುಮುಕುವ ಬಾಲಕರೂ ನಮ್ಮಲ್ಲುಂಟು. ಈ ಕ್ರೀಡೆಯಿಂದ ಉಭಯತರೂ ಕಲಿಯಬೇಕಾದುದಿದೆ.

ಕಾಲಿಗೆ ಸ್ಕೀ ಎಂಬ ನೀಳವಾದ ಪಟ್ಟಿಗಳನ್ನು ಬಿಗಿದುಕೊಂಡ ಆಟಗಾರನು ಹಿಮದ ಇಳಿಜಾರಿನಲ್ಲಿ ಗಂಟೆಗೆ 60ರಿಂದ 70 ಕಿಲೋಮೀಟರುಗಳಷ್ಟು ವೇಗದಿಂದ ಜಾರಿ ಬರುತ್ತಾನೆ. ಎದುರಿಗೆ ಹಿಮದಿಂದಲೇ ಕಟ್ಟಿದ, ಮೇಲ್ಮುಖವಾಗಿ ಬಾಗಿದ ದಿಬ್ಬ. ಅದರ ತುದಿಯಿಂದ ಆತನು ಗಗನಕ್ಕೆ ಚಿಮ್ಮುತ್ತಾನೆ. ಆಗ ಇಳಿಯುವ ನೆಲ ಸುಮಾರು 15 ಮೀಟರ್ ಕೆಳಗಿರಬಹುದು. ದೊರೆಯುವ ಅವಕಾಶ ಮೂರು ಸೆಕೆಂಡು ಮಾತ್ರ. ಅಷ್ಟರಲ್ಲಿ ಲಾಗಗಳನ್ನು ಹಾಕಿ, ಮೈಯನ್ನು ಬುಗುರಿಯಂತೆ ತಿರುಗಿಸಿ, ಮತ್ತೆ ಕಾಲ ಮೇಲೆ ಇಳಿಯಬೇಕು. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ಒಲಿಂಪಿಕ್ಸಿನಲ್ಲಿ ಚೆಕ್ ದೇಶದ ಅಲೆಶ್ ವಲೆಂತಾ ಮೂರು ಲಾಗಗಳಲ್ಲಿ ಐದು ಸುತ್ತುಗಳನ್ನು ಸೇರಿಸಿ ಸ್ವರ್ಣಪದಕ ಪಡೆದನು.

ಇದು ಇಂದ್ರಜಾಲವಲ್ಲ, ವಿಜ್ಞಾನ. ದಿಬ್ಬವನ್ನು ಬಿಟ್ಟಮೇಲೆ ಆಧಾರವಿಲ್ಲದ ಆಕಾಶದಲ್ಲಿ ಹೊಸ ಭ್ರಮಣಶಕ್ತಿಯನ್ನು ಗಳಿಸಲಾಗದು. ಬೇಕಾದುದನ್ನು ನೆಲದಿಂದಲೇ ಕೊಂಡೊಯ್ಯಬೇಕು. ತೋಳುಗಳನ್ನು ಮೈಗೆ ಒತ್ತಿಕೊಂಡರೆ ಸುತ್ತು ತ್ವರಿತವಾಗುವುದು, ಚಾಚಿದರೆ ನಿಧಾನವಾಗುವುದು. ಇಳಿಯುವ ನೆಲವೂ ಸಮತಟ್ಟಲ್ಲ. ಸುಮಾರು 38 ಡಿಗ್ರಿಗಳಷ್ಟು ಕಡಿದಾದ ಇಳಿಜಾರು. ಗೋಡೆಗೆ ನೇರವಾಗಿ ಎಸೆದ ಚೆಂಡಿಗಿಂತ ಓರೆಯಾಗಿ ತಾಗಿದ ಚೆಂಡಿಗೆ ಪೆಟ್ಟು ಕಡಿಮೆಯಲ್ಲವೆ? ಇಲ್ಲಿಯೂ ಅದೇ ನ್ಯಾಯ. ಗಟ್ಟಿಯಾದ ಹಿಮವನ್ನು ಸಲಿಕೆಗಳಿಂದ ಕಡಿದು ಕಡಿದು ಮೆತ್ತಗೆ ಮಾಡಿಟ್ಟಿರುತ್ತಾರೆ.

ಹೊಸ ಲಾಗವನ್ನು ಮೊದಲಿಗೇ ಹಿಮದ ಮೇಲೆ ಪ್ರಯತ್ನಿಸುವುದಿಲ್ಲ. ಬೇಸಗೆಯಲ್ಲಿ ಸ್ಕೀ ಕಟ್ಟಿಕೊಂಡೇ ಕೊಳಕ್ಕೆ ಹಾರಿ ನೂರಾರು ಸಲ ಅಭ್ಯಾಸ ಮಾಡುತ್ತಾರೆ. ಕೊಳದ ತಳದಿಂದ ಗಾಳಿಯ ಗುಳ್ಳೆಗಳನ್ನೆಬ್ಬಿಸಿ ನೀರನ್ನೂ ಮೃದುಗೊಳಿಸುತ್ತಾರೆ. ಹಿಮ ಬೀಳದ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿಯೂ ಇಂತಹ ಕೊಳವಿದೆ. ತೀರ್ಪಿನಲ್ಲಿ ನೂರಕ್ಕೆ 20 ಪಾಲು ಚಿಮ್ಮಿದ ಎತ್ತರ ದೂರಗಳಿಗೆ, 50 ಪಾಲು ಅಂಗವಿನ್ಯಾಸಕ್ಕೆ, 30 ಪಾಲು ಇಳಿದ ರೀತಿಗೆ. ಬಂದ ಮೊತ್ತವನ್ನು ಲಾಗದ ಕಾಠಿಣ್ಯದಿಂದ ಗುಣಿಸುತ್ತಾರೆ. ಕೇವಲ ಧೈರ್ಯಕ್ಕೆ ಅಂಕವಿಲ್ಲ.

ಆಸ್ಟ್ರೇಲಿಯಾದ ಅಲಿಸಾ ಕ್ಯಾಂಪ್ಲಿನ್ ಬಾಲ್ಯದಲ್ಲಿ ಜಿಮ್ನಾಸ್ಟಿಕ್ಸ್ ಕಲಿತವಳು. ಸ್ಕೀ ಕಟ್ಟಿದ್ದು ಪ್ರಾಯಕ್ಕೆ ಬಂದಮೇಲೆ. ಆಕೆ 2002ರಲ್ಲಿ ಸ್ವರ್ಣಪದಕ ಗೆದ್ದಳು. ಚೀನಾದ ಶು ಮೆಂಗ್‌ತಾವ್ 2010ರಲ್ಲಿ ಬರಿಗೈಯಲ್ಲಿ ಮರಳಿದಳು, 2014ರಲ್ಲಿ ರಜತ, 2018ರಲ್ಲಿ ಮತ್ತೆ ಬರಿಗೈ. 2022ರಲ್ಲಿ, ತನ್ನ ನಾಲ್ಕನೆಯ ಒಲಿಂಪಿಕ್ಸಿನಲ್ಲಿ, 31ನೆಯ ವಯಸ್ಸಿನಲ್ಲಿ ಸ್ವರ್ಣಪದಕ ಅವಳ ಕೊರಳಿಗೆ ಬಂತು.

ಇನ್ನೊಂದು ಮುಖವನ್ನು ಮುಚ್ಚಿಡಲಾಗದು. ಈ ಕ್ರೀಡೆಗೆ ಒಲಿಂಪಿಕ್ ಪದಕದ ಮನ್ನಣೆ ದೊರೆತದ್ದು 1994ರಲ್ಲಿ, ನಾರ್ವೆಯ ಲಿಲ್ಲೆಹಾಮರಿನಲ್ಲಿ. ಅಲ್ಲಿ ಮಹಿಳೆಯರಲ್ಲಿ ಗೆದ್ದವಳು ಉಜ್ಬೇಕಿಸ್ತಾನದ ಲೀನಾ ಚೆರ್ಯಾಜೋವಾ. ಸ್ವತಂತ್ರವಾಗಿ ಮೂರು ವರ್ಷವೂ ತುಂಬದ ಆ ದೇಶಕ್ಕೆ ಅದು ಮೊದಲ ಒಲಿಂಪಿಕ್ ಸ್ವರ್ಣ. ಆಕೆಯ ತಾಯಿ ಕೆಲವೇ ವಾರಗಳ ಹಿಂದೆ ತೀರಿಕೊಂಡಿದ್ದರು. ಮಗಳಿಗೆ ಆ ವಾರ್ತೆ ತಿಳಿದುದು ಸ್ಪರ್ಧೆಯ ನಂತರ. ಅದೇ ವರ್ಷದ ಬೇಸಗೆಯಲ್ಲಿ, ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಅಭ್ಯಾಸ ಮಾಡುವಾಗ ತಲೆಗೆ ಭಾರಿ ಪೆಟ್ಟು ತಗುಲಿ ಆಕೆ ಪ್ರಜ್ಞೆ ತಪ್ಪಿದಳು. ಚೇತರಿಸಿಕೊಂಡು 1998ರಲ್ಲಿ ಮತ್ತೆ ಒಲಿಂಪಿಕ್ಸಿಗೆ ಬಂದಳು, ಪದಕ ದೊರೆಯಲಿಲ್ಲ. 2019ರಲ್ಲಿ ತೀರಿಕೊಂಡಳು. ಎಷ್ಟು ಎಚ್ಚರ ವಹಿಸಿದರೂ ಅಪಾಯ ಪೂರ್ಣವಾಗಿ ನೀಗದೆಂಬುದಕ್ಕೆ ಆಕೆಯ ಬಾಳು ಸಾಕ್ಷಿ.

ಹಾಗಾದರೆ ಪಾಲಕರು ಮಾಡಬೇಕಾದುದೇನು? ಮಕ್ಕಳನ್ನು ಮನೆಯೊಳಗೆ ಕೂಡಿಹಾಕುವುದೆ? ಹಾಗೆ ಬೆಳೆದ ಮಗು ಮುಂದೊಂದು ದಿನ ಬೀಳುವುದು ತಪ್ಪದು. ಬಿದ್ದಾಗ ಏಳುವ ಬಗೆ ಮಾತ್ರ ತಿಳಿದಿರದು. ಆ ಆಟಗಾರರಿಗಾಗಿ ಹಿಮವನ್ನು ಕಡಿದು ಮೆತ್ತಗೆ ಮಾಡುವ ಜನರನ್ನು ನೆನೆಯೋಣ. ಪದಕದ ಮೇಲೆ ಅವರ ಹೆಸರಿರುವುದಿಲ್ಲ. ಆದರೆ ಅವರ ಸಲಿಕೆಯಿಲ್ಲದೆ ಯಾರೂ ಹಾರಲಾರರು. ನಮ್ಮ ಆಟದ ಬಯಲಿನಲ್ಲಿಯೂ ಉದ್ದಜಿಗಿತದ ಗುಂಡಿಯೊಂದಿದೆ. ಮಳೆಗಾಲ ಕಳೆದೊಡನೆ ಅದರ ಮರಳು ಕಲ್ಲಿನಂತೆ ಗಟ್ಟಿಯಾಗುತ್ತದೆ. ವರ್ಷಕ್ಕೊಂದು ಭಾನುವಾರ ಪಾಲಕರು ಹಾರೆ ಗುದ್ದಲಿ ಹಿಡಿದು ಬಂದು ಶ್ರಮದಾನ ಮಾಡಿ ಅದನ್ನು ಅಗೆದು ಸಡಿಲಿಸಲಿ. ವಿದ್ಯಾರ್ಥಿಗಳೆ, ನೀವು ಗುರುಗಳು ಹೇಳಿಕೊಟ್ಟ ಕ್ರಮದಲ್ಲಿ ಮೊದಲು ಬೀಳುವುದನ್ನು ಕಲಿಯಿರಿ, ಅನಂತರ ಹಾರಿರಿ. ಇಷ್ಟನ್ನು ವಿಜ್ಞಾಪಿಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.