ಏರಿಯಲ್ ಸಿಕ್ಕಿಕೊಂಡಿದೆಯೇ? ಇಕ್ಕಳ ಕೆಳಗಿಡಿ!



ನೀವು ಬರೆಯುವ ಪತ್ರಗಳಲ್ಲಿ ಹಾಡಿನ ಕೋರಿಕೆಯ ಕೆಳಗೆ ಆಗಾಗ ಇನ್ನೊಂದು ಮಾತು ಇರುತ್ತದೆ. ರೇಡಿಯೋದ ಏರಿಯಲ್ ಅರ್ಧಕ್ಕೇ ನಿಂತುಬಿಟ್ಟಿದೆ, ಎಳೆದರೆ ಬರುವುದಿಲ್ಲ, ತಳ್ಳಿದರೆ ಹೋಗುವುದಿಲ್ಲ, ಹೊಸ ಸೆಟ್ಟನ್ನೇ ಕೊಳ್ಳಬೇಕೇ ಎಂದು. ಬೇಡ. ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಹೊರಗೆಲ್ಲ ತೆಲುಗು, ಉರ್ದು ಕೇಳಿಸುವ ಈ ಊರಿನಲ್ಲಿ, ಮನೆಯ ಹಿರಿಯರಿಗೆ ದಿನಕ್ಕೊಮ್ಮೆ ಕನ್ನಡ ಕೇಳಿಸುವುದು ಆ ಪೆಟ್ಟಿಗೆಯಿಂದಲೇ ಇರಬಹುದು. ಅದರ ಗುಂಡಿ ಯಾವುದು, ಮುಳ್ಳು ಎಲ್ಲಿ ನಿಲ್ಲಬೇಕು ಎಂಬುದು ಅವರ ಬೆರಳಿಗೇ ಗೊತ್ತು. ಅದನ್ನು ಹಳೆ ಸಾಮಾನಿನವನಿಗೆ ಹಾಕುವ ಮುನ್ನ ಇಷ್ಟು ಮಾಡಿ ನೋಡಿ.

1935ರಲ್ಲಿ ಹೈದರಾಬಾದಿನಲ್ಲಿ ಡೆಕ್ಕನ್ ರೇಡಿಯೋ ದನಿ ಎತ್ತಿತು. ಅದೇ ವರ್ಷ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಬಾನುಲಿಯನ್ನು ಆರಂಭಿಸಿದರು, ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. ಆಗಿನ ಕೇಳುಗರು ಮಾಳಿಗೆಯ ಮೇಲೆ ಉದ್ದನೆಯ ತಂತಿ ಕಟ್ಟುತ್ತಿದ್ದರು. ಈಗ ಆ ಕೆಲಸವನ್ನು ಒಂದರೊಳಗೊಂದು ಸೇರುವ ಹಿತ್ತಾಳೆಯ ಕೊಳವೆಗಳು ಮಾಡುತ್ತವೆ. ಮೇಲಿನ ಹೊಳಪು ಬರೀ ಲೇಪ. ಕೊಳವೆಗಳ ನಡುವೆ ಒಂದು ಪುಟ್ಟ ಸ್ಪ್ರಿಂಗ್ ಎಲೆ ಇರುತ್ತದೆ. ಏರಿಯಲ್ ಜಾರದಂತೆ ಹಿಡಿಯುವುದೂ ಅದೇ, ಸಂಕೇತವನ್ನು ಕೊಳವೆಯಿಂದ ಕೊಳವೆಗೆ ದಾಟಿಸುವುದೂ ಅದೇ. ಅಲ್ಲಿ ಧೂಳು, ಅಡುಗೆಮನೆಯ ಜಿಡ್ಡು, ಮಳೆಗಾಲದ ಕಿಲುಬು ಸೇರಿಕೊಂಡರೆ ಏರಿಯಲ್ ಸಿಕ್ಕಿಕೊಳ್ಳುತ್ತದೆ, ಕರಕರ ಶಬ್ದವೂ ಶುರುವಾಗುತ್ತದೆ.

ಮೊದಲು ಸೆಟ್ ಆರಿಸಿ, ಪ್ಲಗ್ ಮತ್ತು ಸೆಲ್ ತೆಗೆಯಿರಿ. ಒಂದು ಕಣ್ಣು ಮುಚ್ಚಿ ಏರಿಯಲ್ಲಿನ ಉದ್ದಕ್ಕೂ ನೋಡಿ. ಬಾಗಿದ್ದರೆ ಬೆರಳಿನಿಂದ ಮೆಲ್ಲಗೆ ನೆಟ್ಟಗೆ ಮಾಡಿ. ಬಾಗಿದ ಕೊಳವೆ ಎಷ್ಟು ತಳ್ಳಿದರೂ ಒಳಗೆ ಹೋಗದು, ಮುರಿಯುತ್ತದೆ ಅಷ್ಟೆ.

ಆಮೇಲೆ ಹತ್ತಿ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಕಿಸಿ ಪ್ರತಿ ಕೊಳವೆಯನ್ನೂ ಒರೆಸಿ. ಹತ್ತಿರ ಒಲೆ, ದೀಪ ಇರಬಾರದು. ಪೆಟ್ರೋಲ್, ಥಿನ್ನರ್ ಬೇಡವೇ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ. ಇನ್ನೂ ಜಗ್ಗದಿದ್ದರೆ ಏರಿಯಲ್ಲಿನ ಬುಡಕ್ಕೆ ಬಟ್ಟೆ ಸುತ್ತಿ, ಸಿಕ್ಕಿಕೊಂಡ ಸಂದಿಗೆ ಬೆಂಕಿಕಡ್ಡಿಯ ತುದಿಯಿಂದ ಡಬ್ಲ್ಯುಡಿ-40 ಒಂದೇ ತೊಟ್ಟು ಬಿಡಿ. ಸೀದಾ ಸ್ಪ್ರೇ ಮಾಡಿದರೆ ಅದು ಸೆಟ್ಟಿನೊಳಕ್ಕೆ ಇಳಿಯುತ್ತದೆ. ರಾತ್ರಿಯೆಲ್ಲ ಹಾಗೆಯೇ ಬಿಡಿ.

ಬೆಳಿಗ್ಗೆ ಸೈಕಲ್ ಟ್ಯೂಬಿನ ಎರಡು ತುಂಡು ತೆಗೆದುಕೊಳ್ಳಿ. ಸಿಕ್ಕಿಕೊಂಡ ಎರಡು ಕೊಳವೆಗಳಿಗೆ ಒಂದೊಂದು ಸುತ್ತಿ ಹಿಡಿದು, ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಎಳೆಯಿರಿ. ಬಲವೆಲ್ಲ ಆ ಎರಡು ಕೊಳವೆಗಳ ಮೇಲೆ ಇರಲಿ, ಬುಡದ ಪ್ಲಾಸ್ಟಿಕ್ ಕೀಲಿನ ಮೇಲೆ ಬೀಳಬಾರದು. ಇಕ್ಕಳ ಹಾಕಿದರೆ ಕೊಳವೆ ಚಪ್ಪಟೆಯಾಗುತ್ತದೆ, ಆಮೇಲೆ ಅದು ಯಾರ ಕೈಗೂ ಬಗ್ಗದು.

ಬಿಡಿಸಿಕೊಂಡ ಮೇಲೆ ಹತ್ತಾರು ಸಲ ಹೊರಗೆ ಒಳಗೆ ಆಡಿಸಿ, ಬರುವ ಕಪ್ಪನ್ನು ಒರೆಸಿ. ಕೊನೆಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ತಾಕಿಸಿ ತೆಳ್ಳಗೆ ಸವರಿ, ಒಣಬಟ್ಟೆಯಿಂದ ಮತ್ತೆ ಒರೆಸಿ. ಹೆಚ್ಚಾದರೆ ಧೂಳು ಅಂಟುತ್ತದೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಇಲ್ಲಿಗೆ ಬೇಡ, ನಮ್ಮ ಹೈದರಾಬಾದಿನ ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಗಟ್ಟಿಯಾಗುವಂತೆ ಕೊಳವೆಯಲ್ಲೂ ಗಟ್ಟಿಯಾಗುತ್ತದೆ. ಮುಂದೆ ಏರಿಯಲ್ ಮಡಿಸುವಾಗ ತುದಿಯಿಂದ ಒತ್ತಬೇಡಿ, ಒಂದೊಂದೇ ಕೊಳವೆಯನ್ನು ಸಂದಿಯ ಹತ್ತಿರ ಹಿಡಿದು ಇಳಿಸಿ.

ಆದರೂ ಆಗಲಿಲ್ಲವೇ? ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಅಷ್ಟು ಉದ್ದದ ವೈರಿನ ತುದಿ ಸುಲಿದು ಏರಿಯಲ್ಲಿನ ಬುಡಕ್ಕೆ ಬಿಗಿಯಾಗಿ ಸುತ್ತಿ ಮೇಲಕ್ಕೆ ನಿಲ್ಲಿಸಿ, ಸದ್ಯದ ಕೆಲಸ ನಡೆಯುತ್ತದೆ. ಬಿಡುವಾದಾಗ ಕೋಠಿಯ ಗುಜರಾತಿ ಗಲ್ಲಿಗೆ ಸೆಟ್ಟನ್ನೇ ಕೊಂಡೊಯ್ಯಿರಿ. ಉದ್ದ, ಬುಡದ ದಪ್ಪ, ಸ್ಕ್ರೂ ಎಲ್ಲ ಹೊಂದುವ ಏರಿಯಲ್ ಹುಡುಕಲು ಅದೇ ದಾರಿ.

ಇನ್ನೊಂದು ಮಾತು. ರಾತ್ರಿ ಹೊತ್ತು ಮೀಡಿಯಂ ವೇವ್‌ನಲ್ಲಿ ಕರ್ನಾಟಕದ ಕೇಂದ್ರಗಳನ್ನು ಹುಡುಕುವವರು ಏರಿಯಲ್ಲನ್ನು ಎಳೆದಾಡಬೇಕಿಲ್ಲ. ಅದು ಎಫ್‌ಎಂ ಮತ್ತು ಶಾರ್ಟ್ ವೇವ್‌ಗೆ ಮಾತ್ರ. ಮೀಡಿಯಂ ವೇವ್ ಹಿಡಿಯುವ ಫೆರೈಟ್ ಕಡ್ಡಿ ಸೆಟ್ಟಿನ ಒಳಗಿದೆ, ಅದಕ್ಕೆ ಸೆಟ್ಟನ್ನೇ ಮೆಲ್ಲಗೆ ತಿರುಗಿಸಬೇಕು. ಎಷ್ಟೋ ಏರಿಯಲ್‌ಗಳು ಮುರಿದಿರುವುದು ಇದು ತಿಳಿಯದೆಯೇ.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿದ್ದರೆ ಅವರ ಸೆಟ್ಟನ್ನೂ ಒಮ್ಮೆ ನೋಡಿ. ದನಿ ತಿಳಿಯಾಯಿತೇ ಎಂದು ನಮಗೆ ಎರಡು ಸಾಲು ಬರೆಯಿರಿ.