ನಲವತ್ತು ದಾಟಿದವರ ಲೆಕ್ಕ

(ನಿಪ್ಪಾಣಿಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ನಾವೆಲ್ಲ ಬಾಲ್ಯದಿಂದಲೂ ಕೇಳಿದವರು. ಸಮೃದ್ಧಿಯ ಏಳು ವರ್ಷಗಳಲ್ಲಿ ಧಾನ್ಯವನ್ನು ಕೂಡಿಟ್ಟು, ಬರದ ಏಳು ವರ್ಷಗಳನ್ನು ದಾಟಿದ ಆ ಪ್ರಸಂಗದಿಂದ ನಾವು ಸಹನೆಯ ಪಾಠವನ್ನು ಕಲಿತಿದ್ದೇವೆ. ಆದರೆ ಅದರಲ್ಲಿ ಲೆಕ್ಕಾಚಾರದ ಪಾಠವೂ ಇದೆಯೆಂಬುದನ್ನು ಮರೆತಿದ್ದೇವೆ. ಕುರ್‌ಆನ್ ನಲವತ್ತನ್ನು ಪ್ರೌಢಿಯ ವಯಸ್ಸೆಂದು ಉಲ್ಲೇಖಿಸುತ್ತದೆ. ಇಂದಿನ ಮಾತು ಆ ವಯಸ್ಸನ್ನು ತಲುಪಿದವರ ಕುರಿತಾಗಿದೆ.

ನಮ್ಮ ಈ ಐದು ತಾಲೂಕುಗಳಲ್ಲಿ ನಿವೃತ್ತಿಯ ಆದೇಶಪತ್ರ ಪಡೆದು ಮನೆಗೆ ಬರುವವರು ಎಷ್ಟು ಮಂದಿ? ಶಿಕ್ಷಕರು, ಬಸ್ಸಿನ ನೌಕರರು, ಇನ್ನು ಕೆಲವರು. ಉಳಿದವರು ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ, ಬೀಡಿಯ ಮೊರದ ಮುಂದೆ, ಚಿಕ್ಕೋಡಿಯ ಗ್ಯಾರೇಜುಗಳಲ್ಲಿ, ಅಥಣಿಯ ಚಪ್ಪಲಿ ಅಂಗಡಿಗಳಲ್ಲಿ, ಕಾಗವಾಡ ಮತ್ತು ರಾಯಬಾಗದ ಸಕ್ಕರೆ ಕಾರ್ಖಾನೆಗಳ ಹಂಗಾಮಿನ ಕೆಲಸದಲ್ಲಿ ಬದುಕು ಸವೆಸುವವರು. ಅವರಿಗೆ ನಿವೃತ್ತಿ ಎಂಬುದು ತಾನಾಗಿ ಬರುತ್ತದೆ. ಕಣ್ಣು ಮಂಜಾದ ದಿನ, ಸೊಂಟ ಬಗ್ಗದ ದಿನ ಅದು ಬಂದಿರುತ್ತದೆ.

1981ರಲ್ಲಿ ಇದೇ ನಿಪ್ಪಾಣಿಯ ಹೆದ್ದಾರಿಯಲ್ಲಿ ತಂಬಾಕಿನ ಬೆಲೆಗಾಗಿ ರೈತರು ಕುಳಿತರು. ಗೋಲಿಬಾರ್ ನಡೆದು ಜೀವಗಳು ಹೋದವು. ಮರುವರ್ಷ, ಇಲ್ಲಿನ ತಂಬಾಕು ಕಾರ್ಮಿಕ ಮಹಿಳೆಯರ ಹೋರಾಟವನ್ನು ಕುರಿತು ‘ತಂಬಾಕು ಚಾಕೀಲಾ ಊಬ ಆಲೀ’ ಎಂಬ ಚಿತ್ರ ಬಂತು. ಆ ಕಾಲಕ್ಕೆ ಇಪ್ಪತ್ತರ ಹರೆಯದಲ್ಲಿದ್ದ ಹೆಣ್ಣುಮಕ್ಕಳು ಇಂದು ಅರವತ್ತು ದಾಟಿದ ಅಜ್ಜಿಯರು. ಕೂಲಿಗಾಗಿ ಹೋರಾಡಿದ ಆ ಪೀಳಿಗೆಯ ಮುಪ್ಪಿನ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ಬೀಡಿ ಉದ್ಯಮಕ್ಕೆ ಭವಿಷ್ಯ ನಿಧಿ ಅನ್ವಯವಾದದ್ದು 1977ರಲ್ಲಿ. ಪಿಂಚಣಿ ಯೋಜನೆ ಬಂದದ್ದು 1995ರ ನವೆಂಬರ್‌ನಲ್ಲಿ. ಹತ್ತು ವರ್ಷಗಳ ಸೇವೆ ಇದ್ದರೆ 58ನೇ ವಯಸ್ಸಿನಿಂದ ಪಿಂಚಣಿ. ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 7,000 ರೂಪಾಯಿ ವೇತನಕ್ಕೆ ಹತ್ತು ವರ್ಷವಾದರೆ ತಿಂಗಳಿಗೆ 1,000, ಹದಿನೈದು ವರ್ಷವಾದರೆ 1,500. ಐವತ್ತರಿಂದಲೇ ಪಡೆಯಬಹುದು, ಆದರೆ 58ಕ್ಕಿಂತ ಮೊದಲಿನ ಪ್ರತಿ ವರ್ಷಕ್ಕೆ ಶೇ. 4ರಂತೆ ಕಡಿತವಾಗುತ್ತದೆ. ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿ ಎಂದು ನಿಗದಿಪಡಿಸಿದ್ದು 2014ರಲ್ಲಿ. ಅದನ್ನು 7,500ಕ್ಕೆ ಏರಿಸಬೇಕೆಂದು ಪಿಂಚಣಿದಾರರು ದೆಹಲಿಯ ತನಕ ಹೋಗಿ ಕೇಳಿದ್ದಾರೆ. ಚುನಾವಣೆಯಲ್ಲಿ ನಮ್ಮ ಓಣಿಗೆ ಬರುವವರನ್ನು ನಾವು ಗಟಾರ ಮತ್ತು ಕಬರಸ್ತಾನದ ಗೋಡೆಯ ಬಗ್ಗೆ ಮಾತ್ರ ಕೇಳುತ್ತೇವೆ!

ನಮ್ಮ ಖಾಲಾ ಒಬ್ಬರ ವಿಷಯ ಹೇಳಬೇಕು. ಒಂದು ಬೀಡಿ ಕಾರ್ಖಾನೆಯಲ್ಲಿ ಅವರ ಸೇವೆ ಒಂಬತ್ತು ವರ್ಷ ಎರಡು ತಿಂಗಳಾಗಿತ್ತು. ಮಗಳ ಮದುವೆ ಬಂತು. ಕೆಲಸ ಬಿಟ್ಟು, ಪಿ.ಎಫ್. ಹಣದ ಜೊತೆಗೆ ಪಿಂಚಣಿಯ ಹಣವನ್ನೂ ಹಿಂಪಡೆದರು. ಮಂಟಪಕ್ಕೆ, ಬಿರಿಯಾನಿಗೆ, ಬೀಗರಿಗೆ ಕೊಟ್ಟ ಬಟ್ಟೆಗೆ ಅದು ಸಾಲಲಿಲ್ಲ. ಇನ್ನು ನಾಲ್ಕು ತಿಂಗಳು ದುಡಿದಿದ್ದರೆ ಒಂಬತ್ತೂವರೆ ವರ್ಷವಾಗಿ, ನಿಯಮದಂತೆ ಹತ್ತು ಎಂದು ಎಣಿಕೆಯಾಗುತ್ತಿತ್ತು. ಅಥವಾ ಅದೇ 10-ಸಿ ಅರ್ಜಿಯಲ್ಲಿ ಹಣದ ಬದಲು ಯೋಜನಾ ಪ್ರಮಾಣಪತ್ರವನ್ನು ಕೇಳಿದ್ದರೆ ಆ ಒಂಬತ್ತು ವರ್ಷಗಳು ಜೀವಂತ ಉಳಿಯುತ್ತಿದ್ದವು. ಮುಂದೆ ಬೇರೊಂದು ಕಡೆ ಆರು ವರ್ಷ ದುಡಿದರು. ಎಣಿಕೆ ಮತ್ತೆ ಒಂದರಿಂದ ಶುರುವಾಗಿತ್ತು. 58 ತುಂಬಿದಾಗ ಪಿಂಚಣಿ ಇಲ್ಲ. ಅರ್ಜಿ ತುಂಬಿಕೊಟ್ಟವನು ಈ ಮಾತು ಹೇಳಲಿಲ್ಲ. ಮನೆಯಲ್ಲಿ ಓದಿದವರೆಂದು ನಾವಿದ್ದೆವು, ನಾವೂ ಕೇಳಲಿಲ್ಲ.

ಇನ್ನೊಂದು ಗೋಳು ಹೆಸರಿನದು. ಗಡಿ ಭಾಗದವರಾದ ನಮ್ಮ ಶಾಲೆಯ ದಾಖಲೆ ಮರಾಠಿಯಲ್ಲಿ, ಪಡಿತರ ಚೀಟಿ ಕನ್ನಡದಲ್ಲಿ, ನಿಕಾಹ್‌ನಾಮಾ ಉರ್ದುವಿನಲ್ಲಿ. ಒಂದರಲ್ಲಿ ‘ಬೀ’, ಇನ್ನೊಂದರಲ್ಲಿ ‘ಬೇಗಂ’, ಆಧಾರ್‌ನಲ್ಲಿ ಗಂಡನ ಅಡ್ಡಹೆಸರು. ಹುಟ್ಟಿದ ದಿನಾಂಕವೋ, ಗುಮಾಸ್ತನ ಅಂದಾಜು. ಇವು ತಾಳೆಯಾಗದೆ ಸ್ವಂತ ಹಣ ವರ್ಷಗಟ್ಟಲೆ ಕೈಗೆ ಬರುವುದಿಲ್ಲ. ತಿದ್ದುಪಡಿಗೆ ಹಲವು ಸಂದರ್ಭಗಳಲ್ಲಿ ಕಾರ್ಮಿಕ ಮತ್ತು ಮಾಲೀಕ ಇಬ್ಬರ ಜಂಟಿ ಘೋಷಣೆ ಬೇಕು. ಕಾರ್ಖಾನೆ ಮುಚ್ಚಿದ ಮೇಲೆ ಮಾಲೀಕನನ್ನು ಎಲ್ಲಿ ಹುಡುಕುವುದು? ಆದ್ದರಿಂದ ಈ ಕೆಲಸ ನಲವತ್ತರಲ್ಲೇ ಆಗಬೇಕು. ಸದಸ್ಯರು ಸೇವೆಯಲ್ಲಿರುವಾಗಲೇ ತೀರಿಕೊಂಡರೆ, ಒಂದೇ ತಿಂಗಳ ವಂತಿಗೆ ಸಂದಾಯವಾಗಿದ್ದರೂ ವಿಧವೆಗೆ ಪಿಂಚಣಿಯ ಹಕ್ಕಿದೆ. ಇದ್ದತ್ ಮುಗಿದ ನಂತರ ಎಷ್ಟು ಸಹೋದರಿಯರು ಈ ಹಕ್ಕನ್ನು ಕೇಳಿದ್ದಾರೆ?

ಪಿ.ಎಫ್. ಮೇಲೆ ಸೇರುವ ಹೆಚ್ಚುವರಿ ಹಣ ಬಡ್ಡಿಯಲ್ಲವೇ ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದುದು. ಕಡ್ಡಾಯ ಕಡಿತದ ಮೇಲಿನ ಹೆಚ್ಚುವರಿಯನ್ನು ಬಡ್ಡಿಯೆನ್ನಲಾಗದು ಎಂದು ಮುಫ್ತಿ ಮುಹಮ್ಮದ್ ಶಫೀ ಅವರಂತಹ ವಿದ್ವಾಂಸರು ಬರೆದಿದ್ದಾರೆ, ಸ್ವಇಚ್ಛೆಯಿಂದ ಕಟ್ಟಿದ್ದರ ಬಗ್ಗೆ ಎಚ್ಚರಿಸಿದ್ದಾರೆ. ಸಂಶಯವಿದ್ದವರು ತಮ್ಮ ಆಲಿಮರನ್ನು ಕೇಳಲಿ. ಆದರೆ ಮಗನ ಮೋಟಾರು ಸೈಕಲ್ಲಿಗೆ ಫೈನಾನ್ಸ್ ಸಾಲ ತರುವಾಗ ಬಾರದ ಸಂಶಯ ಮುಪ್ಪಿನ ಉಳಿತಾಯಕ್ಕೆ ಮಾತ್ರ ಬರುವುದನ್ನು ಕಂಡು ನಮಗೆ ಆಶ್ಚರ್ಯವಾಗುತ್ತದೆ.

ಪಿ.ಎಫ್. ಇಲ್ಲದ ಚಾಲಕ, ಮೆಕ್ಯಾನಿಕ್, ಬಂಡಿಯ ವ್ಯಾಪಾರಿಗೆ 2019ರಲ್ಲಿ ಬಂದ ಶ್ರಮಯೋಗಿ ಮಾನಧನ್ ಯೋಜನೆಯಿದೆ. 18ರಿಂದ 40ರೊಳಗೆ ಸೇರಿದವರಿಗೆ ಅರವತ್ತರ ನಂತರ ತಿಂಗಳಿಗೆ 3,000 ರೂಪಾಯಿ. ಹದಿನೆಂಟರಲ್ಲಿ ಸೇರಿದರೆ ತಿಂಗಳ ಕಂತು 55, ನಲವತ್ತರಲ್ಲಿ 200. ನಲವತ್ತು ದಾಟಿದರೆ ಆ ಬಾಗಿಲು ಮುಚ್ಚಿತು. ಅಂಥವರು ಕೈಯ ಕಸುಬನ್ನು ಬದಲಿಸುವ ಯೋಚನೆ ಮಾಡಬೇಕು. ಲಾರಿ ಓಡಿಸುವವನು ಕಣ್ಣು ಚೆನ್ನಾಗಿರುವಾಗಲೇ ಬಿಡಿಭಾಗಗಳ ವ್ಯಾಪಾರ ಕಲಿಯಲಿ, ಗ್ಯಾರೇಜಿನವನು ಲೆಕ್ಕ ಬರೆಯುವುದನ್ನು ಕಲಿತು ಇಬ್ಬರು ಹುಡುಗರನ್ನು ತಯಾರು ಮಾಡಲಿ. ಮತ್ತು ಮನೆಯನ್ನು ಬದುಕಿರುವಾಗಲೇ ಮಕ್ಕಳ ಹೆಸರಿಗೆ ಬರೆದುಕೊಟ್ಟು ಮೂಲೆ ಸೇರಬೇಡಿ. ವಾರಸಿನ ಹಂಚಿಕೆ ಮರಣದ ನಂತರದ್ದು, ಅದರಲ್ಲಿ ಹೆಣ್ಣುಮಕ್ಕಳ ಪಾಲೂ ಇದೆ.

ಇಂದು ಸಭೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಮೂವರು ಯುವಕರು ಕಾಗದ ಪರಿಶೀಲಿಸಲು ಕುಳಿತಿರುತ್ತಾರೆ. ಆಧಾರ್, ಪಿ.ಎಫ್. ಸಂಖ್ಯೆ, ಬ್ಯಾಂಕ್ ಪುಸ್ತಕ ತಂದವರು ಅಲ್ಲಿಗೆ ಹೋಗಿ. ಖಾಲಾ ಕೂಡ ಬಂದಿದ್ದಾರೆ, ತಮಗಾಗಿ ಅಲ್ಲ, ಸೊಸೆಯ ಕಾಗದ ಹಿಡಿದು.