ಮೊಳ ಎಲ್ಲಿಂದ ಶುರು?

ಚಿಕ್ಕೋಡಿ ಸಂತೆಯಲ್ಲಿ ಹೂಮಾಲೆ ಕೊಂಡವರಿಗೆಲ್ಲ ಮೊಳ ಗೊತ್ತು. ಹೂ ಮಾರುವ ಅವ್ವ ಮಾಲೆಯ ಒಂದು ತುದಿಯನ್ನು ಮೊಣಕೈಗೆ ಹಚ್ಚಿ, ನಡುಬೆರಳಿನ ತನಕ ಎಳೆದು ಅಳೆಯುತ್ತಾಳೆ. ಹಳಗನ್ನಡದಲ್ಲಿ ಮೊಣಕೈ ‘ಮೊೞಕೈ’. ಅಳತೆಯ ಹೆಸರೂ ಕೀಲಿನ ಹೆಸರೂ ಒಂದೇ ಬೇರಿನವು. ಆ ಅವ್ವ ಮಾಲೆ ಹಚ್ಚುವ ಗಟ್ಟಿ ತುದಿಯೇ ಇವತ್ತಿನ ನನ್ನ ವಿಷಯ.

ಅದು ತೋಳಿನ ಎಲುಬಲ್ಲ. ಕಿರುಬೆರಳಿನ ಕಡೆಯಿಂದ ಮೇಲೆ ಬರುವ ಅಲ್ನಾ ಎಂಬ ಎಲುಬಿನ ತಲೆ. ವೈದ್ಯರು ಒಲೆಕ್ರಾನನ್ ಅನ್ನುತ್ತಾರೆ. ಗ್ರೀಕಿನಲ್ಲಿ ಆ ಮಾತಿಗೆ ಮೊಣಕೈಯ ತಲೆ ಎಂದೇ ಅರ್ಥ. ತಾಲೀಮಿನಲ್ಲಿ ದಂಡ ಹೊಡೆಯುವ ಹುಡುಗ ಮೈ ಎತ್ತುವಾಗ ಉಬ್ಬುವ ತೋಳಿನ ಹಿಂದಿನ ಸ್ನಾಯು ಬಂದು ಅಂಟಿರುವುದು ಇದಕ್ಕೇ. ಕೈ ಪೂರ್ತಿ ಚಾಚಿದಾಗ ಈ ತಲೆ ತೋಳಿನ ಎಲುಬಿನ ಹಿಂಬದಿಯ ಕುಳಿಯಲ್ಲಿ ಕೂರುತ್ತದೆ. ಮುಂಬದಿಯಲ್ಲೂ ಒಂದು ಕುಳಿಯಿದೆ. ಎರಡರ ನಡುವಿನ ಎಲುಬು ಕಾಗದದಷ್ಟು ತೆಳು. ಕೆಲವರಲ್ಲಿ ಅಲ್ಲಿ ತೂತೇ ಇರುತ್ತದೆ.

ಈಗ ಎಲ್ಲರೂ ಎಡಗೈ ಮಡಚಿರಿ. ಬಲಗೈಯನ್ನು ಕೆಳಗಿನಿಂದ ತಂದು ಹೆಬ್ಬೆರಳನ್ನು ಒಳಗಿನ ಗಂಟಿನ ಮೇಲೆ, ನಡುಬೆರಳನ್ನು ಹೊರಗಿನ ಗಂಟಿನ ಮೇಲೆ, ತೋರುಬೆರಳನ್ನು ತುದಿಯ ಮೇಲೆ ಇಡಿರಿ. ತ್ರಿಕೋನ ಸಿಕ್ಕಿತೇ? ಕೈ ನಿಧಾನವಾಗಿ ಚಾಚಿರಿ. ಮೂರೂ ಒಂದೇ ಗೆರೆಗೆ ಬರುತ್ತವೆ. ಒಳಗಿನ ಗಂಟಿನ ಹಿಂದೆ ಮಾತ್ರ ಜೋರಾಗಿ ಒತ್ತಬೇಡಿರಿ. ಅಲ್ಲಿ ನರ ಹಾಯುತ್ತದೆ; ಬಾಗಿಲಿಗೆ ಬಡಿದಾಗ ಕಿರುಬೆರಳಿನ ತನಕ ಕರೆಂಟು ಹೊಡೆದಂತಾಗುವುದು ಅದೇ.

ಕಬ್ಬಿನ ಹಂಗಾಮಿನಲ್ಲಿ ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಓಡಿ ಕಬ್ಬು ಎಳೆಯುವ ಮಕ್ಕಳನ್ನು ನೋಡಿದ್ದೀರಿ. ಅಂಗೈ ಊರಿ ಬಿದ್ದ ಮಗುವಿಗೆ ಆ ತೆಳುವಾದ ಜಾಗದಲ್ಲೇ, ಗಂಟುಗಳಿಗಿಂತ ತುಸು ಮೇಲೆ, ಎಲುಬು ಮುರಿಯುತ್ತದೆ. ಆಗ ಮೂರು ಬಿಂದುಗಳೂ ಒಟ್ಟಿಗೇ ಸರಿಯುವುದರಿಂದ ತ್ರಿಕೋನ ಕೆಡುವುದಿಲ್ಲ. ಕೀಲು ತಪ್ಪಿದ್ದರೆ ತುದಿ ಸಾಮಾನ್ಯವಾಗಿ ಹಿಂದಕ್ಕೂ ಮೇಲಕ್ಕೂ ಹೋಗಿ ತ್ರಿಕೋನ ಕೆಡುತ್ತದೆ. ಎಕ್ಸ್‌ರೇ ಬೇಕೇ ಬೇಕು. ಆದರೆ ಅದಕ್ಕೂ ಮೊದಲು ವೈದ್ಯರ ಬೆರಳು ಓದುವುದು ಇದನ್ನೇ.

ನಮ್ಮ ಚಿಕ್ಕಪ್ಪನ ಮಗನಿಗೆ ಹೀಗೇ ಆಯಿತು. ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಿದರು, ಬಿದಿರು ದಬ್ಬೆ ಇಟ್ಟು ಬಿಗಿದು ಕಟ್ಟಿದರು. ರಾತ್ರಿಯೆಲ್ಲ ಅತ್ತ, ನೋವು ಇದ್ದದ್ದೇ ಅಂದರು. ಅವನ ಬೆರಳುಗಳು ಇಂದಿಗೂ ಮುದುಡಿಯೇ ಇವೆ. ರಕ್ತ ಸಿಗದೆ ಮುಂಗೈ ಸ್ನಾಯು ಹೀಗೆ ಸಾಯುವುದನ್ನು ಜರ್ಮನಿಯ ಫೋಲ್ಕ್‌ಮನ್ 1881ರಲ್ಲೇ ಬರೆದಿಟ್ಟಿದ್ದರು. ನಮ್ಮ ಅಂಗಳಕ್ಕೆ ಆ ಮಾತು ಬರಲಿಲ್ಲ, ಅದೇ ನನ್ನ ಸಂಕಟ.

ತಿಕ್ಕಬೇಡಿರಿ, ಪೆಟ್ಟಾದ ಮೊಣಕೈಯನ್ನು ತಿಕ್ಕಿದರೆ ಸ್ನಾಯುವಿನೊಳಗೇ ಎಲುಬು ಬೆಳೆಯಬಹುದು. ಎಳೆಯಬೇಡಿರಿ. ಕೈ ಇದ್ದ ಹಾಗೇ ಜೋಳಿಗೆಯಲ್ಲಿ ಇಳಿಬಿಟ್ಟು ಆಸ್ಪತ್ರೆಗೆ ಒಯ್ಯಿರಿ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಬಿಳಿಚಿದರೆ, ನೀವು ಬೆರಳು ನೀಡಿಸಿದಾಗ ಮಗು ಚೀರಿದರೆ, ಬೆಳಗಾಗುವ ತನಕ ಕಾಯಬೇಡಿರಿ. ಆ ಕ್ಷಣವೇ ಕಟ್ಟು ಸಡಿಲಿಸಿ ಮತ್ತೆ ಆಸ್ಪತ್ರೆಗೆ ಓಡಿರಿ.

ಕಾಲೇಜಿನಿಂದ ಕೇಳಿ ತಂದ ತೋಳಿನ ಎಲುಬು ಇಲ್ಲಿದೆ. ಒಬ್ಬರಿಂದ ಒಬ್ಬರಿಗೆ ದಾಟಿಸಿರಿ. ಹಿಂದಿನ ಕುಳಿಯನ್ನು ದೀಪಕ್ಕೆ ಹಿಡಿದು ನೋಡಿರಿ, ಬೆಳಕು ಆಚೆಯಿಂದ ಕಾಣುತ್ತದೆ.